ಗೆಕ್ಕೊಗೆ ತಿನ್ನಿಸೋಕೆ ಡುಬಿಯಾ ಜಿರಳೆ ಸಾಕುವವರು ಯಾರಾದ್ರೂ ಇದ್ದೀರಾ? ಎಲ್ಲಿಂದ ಶುರು ಮಾಡಲಿ?

ಚುಕ್ಕೆಬಾಲ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಎರಡು ಲೆಪರ್ಡ್ ಗೆಕ್ಕೊ (ಮನೆಯಲ್ಲಿ ಸಾಕುವ ಒಂದು ಥರದ ಹಲ್ಲಿ) ಇವೆ. ಒಂದು ದೊಡ್ಡದು, ಇನ್ನೊಂದು ಇನ್ನೂ ಮರಿ. ಇಷ್ಟು ದಿನ ಕ್ರಿಕೆಟ್ ಹುಳ ಹಾಕುತ್ತಿದ್ದೆ, ಸಾಕಾಗಿ ಹೋಗಿದೆ. ರಾತ್ರಿಯಿಡೀ ಚಿರ್ ಚಿರ್, ಮುಚ್ಚಳ ತೆಗೆದರೆ ನಾತ, ತಿನ್ನಿಸುವ ಮೊದಲೇ ಅರ್ಧ ಹುಳ ಸತ್ತಿರುತ್ತವೆ. ಡುಬಿಯಾ ಮನೆಯಲ್ಲೇ ಸಾಕಿದರೆ ಈ ತಲೆನೋವು ಇರಲ್ಲ ಅಂತಾರೆ, ನಿಜವಾ? ಎಷ್ಟು ಜಿರಳೆಯಿಂದ ಶುರು ಮಾಡಬೇಕು, ಯಾವ ಥರದ ಡಬ್ಬ, ಬಿಸಿ ಕೊಡುವ ಹೀಟ್ ಮ್ಯಾಟ್ ಬೇಕೇ ಬೇಕಾ? ಎಲ್ಲಕ್ಕಿಂತ ಮುಖ್ಯ, ತಪ್ಪಿಸಿಕೊಂಡು ಮನೆ ತುಂಬ ಹರಡುತ್ತವಾ? ಮನೆಯವರು ಒಪ್ಪಿರೋದೇ ದೊಡ್ಡದು. ಅಡುಗೆಮನೆಯಲ್ಲಿ ಒಂದು ಕಂಡರೂ ಡಬ್ಬದ ಜೊತೆ ನಾನೂ ಹೊರಗೆ.

ಮೊಟ್ಟೆಟ್ರೇ:
ಕೊನೆ ಪ್ರಶ್ನೆಗೇ ಮೊದಲು ಉತ್ತರ ಕೊಡುತ್ತೇನೆ, ಇಲ್ಲಾಂದ್ರೆ ನಿಮಗೆ ನಿದ್ದೆ ಬರಲ್ಲ. ಡುಬಿಯಾ ನುಣುಪಾದ ಪ್ಲಾಸ್ಟಿಕ್ ಅಥವಾ ಗಾಜಿನ ಗೋಡೆ ಹತ್ತಲಾರದು. ಹೆಣ್ಣಿಗೆ ಇರೋದು ಹೆಸರಿಗಷ್ಟೇ ರೆಕ್ಕೆ, ಹೆಗಲ ಹತ್ತಿರ ಎರಡು ಮೊಂಡು ತುಂಡು. ಗಂಡಿಗೆ ಮೈ ಮುಚ್ಚುವಷ್ಟು ಉದ್ದ ರೆಕ್ಕೆ ಇದೆ, ಆದರೆ ಅದು ಮೇಲಿಂದ ಬಿದ್ದರೆ ಪಟಪಟ ಅಂತ ಬಡಿದುಕೊಂಡು ತೇಲುತ್ತಾ ಇಳಿಯುತ್ತದೆ ಅಷ್ಟೇ, ನೆಲದಿಂದ ಎದ್ದು ಹಾರಲ್ಲ. ಮನೆ ಜಿರಳೆ ಜೊತೆ ಹೋಲಿಸಲೇಬೇಡಿ, ಇದರ ಸ್ವಭಾವವೇ ಬೇರೆ. ಮುಟ್ಟಿದರೆ ಓಡುವುದಕ್ಕಿಂತ ಅವಿತುಕೊಳ್ಳೋದೇ ಜಾಸ್ತಿ.

ಆದರೆ "ಹತ್ತಲ್ಲ" ಅನ್ನೋದು ಗೋಡೆ ನುಣುಪಾಗಿ ಇರುವವರೆಗೆ ಮಾತ್ರ. ಹಳೇ ಡಬ್ಬದ ಗೀರು, ಒಣಗಿದ ಹಣ್ಣಿನ ರಸದ ಕಲೆ, ಗಾಜಿನ ತೊಟ್ಟಿಯ ಮೂಲೆಯಲ್ಲಿರುವ ಸಿಲಿಕೋನ್ ಅಂಟು, ಇವೆಲ್ಲ ಅವಕ್ಕೆ ಮೆಟ್ಟಿಲು. ಹಾಗಾಗಿ ಡಬ್ಬದ ಒಳಗೆ, ಬಾಯಿಯ ಕೆಳಗೆ ಸುತ್ತಲೂ ಅಗಲವಾದ ಪ್ಯಾಕಿಂಗ್ ಟೇಪ್ ಒಂದು ಪಟ್ಟಿ ಹಚ್ಚಿ. ಟೇಪಿನ ಹೊಳೆಯುವ ಮುಖದ ಮೇಲೆ ಕಾಲು ನಿಲ್ಲಲ್ಲ.

ಇನ್ನು ಡಬ್ಬ. ಬಟ್ಟೆ ತುಂಬಿಡುವ ಥರದ ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬ, 50 ಲೀಟರ್ ಆಸುಪಾಸು, ಒಳಗೆ ಕಾಣದ ಬಣ್ಣದ್ದು. ಪಾರದರ್ಶಕ ಇದ್ದರೂ ನಡೆಯುತ್ತೆ, ಕತ್ತಲೆ ಇರುವ ಕಡೆ ಇಡಿ. ಮುಚ್ಚಳದಲ್ಲಿ ದೊಡ್ಡ ಚೌಕ ಕತ್ತರಿಸಿ ಅಲ್ಲಿ ಲೋಹದ ಸಣ್ಣ ಕಣ್ಣಿನ ಜಾಲರಿ ಅಂಟಿಸಿ. ಪ್ಲಾಸ್ಟಿಕ್ ಸೊಳ್ಳೆ ಜಾಲರಿ ಬೇಡ, ಅಗಿಯುತ್ತವೆ. ಒಳಗೆ ರಟ್ಟಿನ ಮೊಟ್ಟೆ ಟ್ರೇ. ಅದನ್ನು ಮಲಗಿಸಬೇಡಿ, ಪುಸ್ತಕ ಜೋಡಿಸಿದ ಹಾಗೆ ನಿಲ್ಲಿಸಿ. ಹಿಕ್ಕೆಯೆಲ್ಲ ನೇರ ತಳಕ್ಕೆ ಉದುರುತ್ತದೆ, ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ, ಜಿರಳೆಗಳಿಗೆ ತಮಗೆ ಬೇಕಾದ ಬಿಸಿ ಇರುವ ಕಡೆ ಹೋಗಿ ಕೂರಲು ಆಗುತ್ತದೆ. ತಳಕ್ಕೆ ಮಣ್ಣು, ತೆಂಗಿನ ನಾರು ಏನೂ ಬೇಡ, ಮರಿ ಹುಡುಕೋದೇ ಕಷ್ಟ ಆಗುತ್ತದೆ.

ಹೀಟ್ ಮ್ಯಾಟ್ ಬಗ್ಗೆ ಬೇರೆಯಾಗಿ ಬರೆಯುತ್ತೇನೆ, ಅದು ದೊಡ್ಡ ವಿಷಯ.

ರಾತ್ರಿಹಲ್ಲಿ:
ಎಷ್ಟರಿಂದ ಶುರು ಮಾಡಬೇಕು ಅನ್ನೋದಕ್ಕೆ ಲೆಕ್ಕ ಹಾಕೋಣ. ದೊಡ್ಡ ಲೆಪರ್ಡ್ ಗೆಕ್ಕೊಗೆ ಎರಡು ಮೂರು ದಿನಕ್ಕೊಮ್ಮೆ 5-6 ಜಿರಳೆ ಅಂದ್ರೆ ವಾರಕ್ಕೆ 15ರ ಹತ್ತಿರ. ಮರಿಗೆ ದಿನಾ ಊಟ, ಅದೂ ದಿನಕ್ಕೆ 6 ಸಣ್ಣ ಮರಿಜಿರಳೆ ಅಂದುಕೊಳ್ಳಿ, ವಾರಕ್ಕೆ 42. ಒಟ್ಟು 60ರ ಹತ್ತಿರ ಬಂತಲ್ವಾ.

ಈಗ ಆ ಕಡೆ ಲೆಕ್ಕ. ಚೆನ್ನಾಗಿ ಬಿಸಿ ಇದ್ದರೆ ಒಂದು ಹೆಣ್ಣು ಎರಡು ತಿಂಗಳು ಚಿಲ್ಲರೆಗೆ ಒಂದು ಸಲ 20ರಿಂದ 35 ಮರಿ ಹಾಕುತ್ತದೆ. 25 ಅಂತ ಹಿಡಿದರೆ ಹೆಣ್ಣಿಗೆ ವಾರಕ್ಕೆ 3 ಮರಿ ಕೂಡ ಬರಲ್ಲ. ಅಂದ್ರೆ 20 ಹೆಣ್ಣಿದ್ದರೆ ನಿಮ್ಮ ಎರಡು ಗೆಕ್ಕೊ ತಿನ್ನೋದಕ್ಕೂ ಅವು ಹಾಕೋದಕ್ಕೂ ಹೆಚ್ಚೂಕಡಿಮೆ ಸರಿಯಾಗಿ ಹೋಯ್ತು, ಹೊಸ ತಲೆಮಾರಿಗೆ ಏನೂ ಉಳಿಯಲಿಲ್ಲ. ಅದಕ್ಕೇ ನಾನು ಹೇಳೋದು 40 ಹೆಣ್ಣು, 10 ಗಂಡು. ನಾಲ್ಕೈದು ಹೆಣ್ಣಿಗೆ ಒಂದು ಗಂಡು ಸಾಕು, ಜಾಸ್ತಿ ಇದ್ದರೆ ಗಂಡುಗಳು ಒಂದಕ್ಕೊಂದು ರೆಕ್ಕೆ ಕಚ್ಚಿ ಹರಿದುಹಾಕುತ್ತವೆ, ಹೆಣ್ಣಿಗೂ ನೆಮ್ಮದಿ ಇರಲ್ಲ.

ದೊಡ್ಡವನ್ನೇ ಕೊಳ್ಳಬೇಕು ಅಂತಿಲ್ಲ. ಅರ್ಧ ದೊಡ್ಡವು, ಅರ್ಧ ಬೆಳೆಯುತ್ತಿರುವ ಮರಿಗಳು ತಗೊಳ್ಳಿ. ಬರೀ ದೊಡ್ಡವು ತಂದರೆ ಅವುಗಳ ವಯಸ್ಸು ಗೊತ್ತಿರಲ್ಲ, ಮುದಿಯಾಗಿದ್ದರೆ ಒಂದೆರಡು ಸಲ ಮರಿ ಹಾಕಿ ಸಾಲಾಗಿ ಹೋಗಿಬಿಡುತ್ತವೆ.

ಚುಕ್ಕೆಬಾಲ:
ಲೆಕ್ಕ ನೋಡಿ ತಲೆ ತಿರುಗಿತು 😅 ಹಾಗಾದ್ರೆ ತಂದ ತಕ್ಷಣ ಅದರಲ್ಲೇ ತೆಗೆದು ತಿನ್ನಿಸೋ ಹಾಗಿಲ್ವಾ?

ರಾತ್ರಿಹಲ್ಲಿ:
ಇಲ್ಲ. ಈ ವಿಷಯದಲ್ಲಿ ಮಾತ್ರ ನಾನು ಹಠಮಾರಿ. ಹುಟ್ಟಿದ ಮರಿ ಏಳು ಸಲ ಪೊರೆ ಕಳಚಿ ದೊಡ್ಡದಾಗೋಕೆ ಒಳ್ಳೇ ಬಿಸಿಯಲ್ಲೂ 4ರಿಂದ 6 ತಿಂಗಳು ಬೇಕು. ನಿಮ್ಮ ಡಬ್ಬದಲ್ಲೇ ಹುಟ್ಟಿದ ಹೆಣ್ಣುಗಳು ಮರಿ ಹಾಕಲು ಶುರು ಮಾಡುವವರೆಗೆ ಅದು ಸಾಕಣೆಯೇ ಅಲ್ಲ, ಸುಮ್ನೆ ದಾಸ್ತಾನು. ಅಲ್ಲಿವರೆಗೆ ತಿನ್ನಿಸೋಕೆ ಬೇರೆ ಹುಳ ಕೊಂಡುಕೊಳ್ಳಿ. "ಡುಬಿಯಾ ಮರಿನೇ ಹಾಕಲ್ಲ, ಎಲ್ಲ ಸುಳ್ಳು" ಅಂತ ಬರೆಯುವವರಲ್ಲಿ ಮುಕ್ಕಾಲು ಜನ ಬಿತ್ತನೆ ಕಾಳನ್ನೇ ಬೇಯಿಸಿ ತಿಂದವರು.

ಮೊಟ್ಟೆಟ್ರೇ:
ಪೂರ್ತಿ ಒಪ್ಪುತ್ತೇನೆ, ಒಂದು ವಿನಾಯಿತಿ ಬಿಟ್ಟು. ಜಾಸ್ತಿ ಇರುವ ಗಂಡುಗಳನ್ನು ಯಾವಾಗ ಬೇಕಾದರೂ ತೆಗೆಯಬಹುದು.

ಈಗ ಬಿಸಿ. ಡುಬಿಯಾ ದಕ್ಷಿಣ ಅಮೆರಿಕದ ಜೀವಿ. 22-24 ಡಿಗ್ರಿಯಲ್ಲಿ ಬದುಕಿರುತ್ತದೆ, ತಿನ್ನುತ್ತದೆ, ಆದರೆ ಮರಿ ವಿಷಯದಲ್ಲಿ ಸೋಮಾರಿ. 20ಕ್ಕಿಂತ ಕೆಳಗೆ ಹೋದರೆ ಹೆಚ್ಚೂಕಡಿಮೆ ನಿಂತೇ ಹೋಗುತ್ತದೆ. ಡಬ್ಬದ ಒಂದು ಬದಿ 30-33 ಡಿಗ್ರಿ ಇರಬೇಕು, ಇನ್ನೊಂದು ಬದಿ ತಣ್ಣಗಿರಲಿ. ಹೀಟ್ ಮ್ಯಾಟನ್ನು ಡಬ್ಬದ ಹೊರಗೋಡೆಗೆ ಹಚ್ಚಿ, ತಳಕ್ಕೆ ಬೇಡ. ತಳದಲ್ಲಿ ಹಿಕ್ಕೆ ದಪ್ಪಗೆ ಕೂತಿರುತ್ತದೆ, ಕೆಳಗಿನ ಬಿಸಿ ಮೇಲೆ ಬರದೆ ಅಲ್ಲೇ ಉಳಿದು ಪ್ಲಾಸ್ಟಿಕ್ ಸೊಟ್ಟ ಆಗುತ್ತದೆ. ಬಿಸಿ ಮಿತಿ ಮೀರದಂತೆ ತಡೆಯುವ ಥರ್ಮೋಸ್ಟಾಟ್ ಇಲ್ಲದೆ ಮ್ಯಾಟ್ ಹಾಕಲೇಬೇಡಿ. ಇದು ಜಿರಳೆ ಪ್ರಶ್ನೆ ಅಲ್ಲ, ಬೆಂಕಿ ಪ್ರಶ್ನೆ. ಥರ್ಮೋಸ್ಟಾಟಿನ ಬಿಸಿ ಅಳೆಯುವ ಕಡ್ಡಿ ಮ್ಯಾಟಿಗೆ ಹತ್ತಿರ, ಟ್ರೇಗಳ ನಡುವೆ ಇರಲಿ.

ನಿಮ್ಮ ಕೋಣೆಯೇ ವರ್ಷವಿಡೀ 28-30 ಡಿಗ್ರಿ ಇದ್ದರೆ ಮ್ಯಾಟ್ ಬೇಡವೇ ಬೇಡ. ಆದರೆ ಅಂಥ ಕಡೆ ತಪ್ಪಿಸಿಕೊಂಡ ಜಿರಳೆಗೂ ಹೊರಗೆ ಹಾಯಾಗಿರುತ್ತದೆ, ಹಾಗಾಗಿ ಮುಚ್ಚಳದ ಬಗ್ಗೆ ಇನ್ನೂ ಹುಷಾರು.

ಓಡುಕಾಲು:
ಎಲ್ಲರೂ ಡುಬಿಯಾ ಡುಬಿಯಾ ಅಂತೀರಿ, ರೆಡ್ ರನ್ನರ್ ಜಿರಳೆ ಯಾಕೆ ಬೇಡ? ಅದೂ ನುಣುಪು ಗೋಡೆ ಹತ್ತಲ್ಲ, ಬೇಗ ಬೇಗ ಮರಿಯಾಗುತ್ತದೆ, ಮೈ ಮೆತ್ತಗಿರುತ್ತದೆ. ಮುಖ್ಯವಾಗಿ ಓಡುತ್ತದೆ! ಡುಬಿಯಾ ಬಟ್ಟಲಿಗೆ ಹಾಕಿದರೆ ಸತ್ತಂತೆ ಬಿದ್ದಿರುತ್ತದೆ, ನನ್ನ ಗೆಕ್ಕೊ ಅದರ ಕಡೆ ತಿರುಗಿಯೂ ನೋಡಲ್ಲ. ರೆಡ್ ರನ್ನರ್ ಬಿಟ್ಟರೆ ಬಾಲ ಅಲ್ಲಾಡಿಸಿಕೊಂಡು ಬೇಟೆಗೆ ನಿಲ್ಲುತ್ತದೆ.

ಮೊಟ್ಟೆಟ್ರೇ:
ತಿನ್ನಿಸೋಕೆ ರೆಡ್ ರನ್ನರ್ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಅಡುಗೆಮನೆಯ ಭಯ ಇರುವವರಿಗೆ ಅದನ್ನು ಹೇಳಬೇಡಿ ಗುರು. ಡುಬಿಯಾ ಹೆಣ್ಣು ಮೊಟ್ಟೆಚೀಲವನ್ನು ಹೊರಗೆ ತಂದು, ತಿರುಗಿಸಿ, ಮತ್ತೆ ಒಳಗೆಳೆದುಕೊಂಡು ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತದೆ, ಕಡೆಗೆ ಜೀವಂತ ಮರಿಗಳನ್ನೇ ಹೊರಗೆ ಬಿಡುತ್ತದೆ. ರೆಡ್ ರನ್ನರ್ ಹಾಗಲ್ಲ, ಮೊಟ್ಟೆಚೀಲ ಉದುರಿಸುತ್ತಾ ಹೋಗುತ್ತದೆ. ಡಬ್ಬ ತೊಳೆದ ನೀರಲ್ಲೋ ಬಿಸಾಕಿದ ಟ್ರೇಯಲ್ಲೋ ಒಂದು ಚೀಲ ಹೊರಗೆ ಹೋದರೆ ಸಾಕು. ಅದರ ಇನ್ನೊಂದು ಹೆಸರು ತುರ್ಕಿಸ್ತಾನ್ ಜಿರಳೆ, ಅಮೆರಿಕದ ನೈಋತ್ಯ ಭಾಗದಲ್ಲಿ ಅದು ಊರೊಳಗೆ ನೆಲೆ ನಿಂತು ಈಗಾಗಲೇ ಪೀಡೆ ಅನ್ನಿಸಿಕೊಂಡಿದೆ.

ಓಡುಕಾಲು:
ಸರಿ, ಶುರು ಮಾಡುವವರಿಗೆ ಡುಬಿಯಾ ಅಂತ ಒಪ್ಪುತ್ತೇನೆ. ನಾನಂತೂ ಬಿಡಲ್ಲ 😄

ಕಾನೂನುಪಾಠ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಕೊಳ್ಳುವ ಮೊದಲು ನೀವಿರುವ ಕಡೆಯ ನಿಯಮ ನೋಡಿಕೊಳ್ಳಿ. ಕೆನಡಾದಲ್ಲಿ, ಅಮೆರಿಕದ ಫ್ಲಾರಿಡಾದಲ್ಲಿ ಡುಬಿಯಾ ಸಾಕುವಂತಿಲ್ಲ. ಫ್ಲಾರಿಡಾದವರು ಅದರ ಬದಲು ಡಿಸ್ಕಾಯ್ಡ್ ಜಿರಳೆ ಇಟ್ಟುಕೊಳ್ಳುತ್ತಾರೆ, ಸಾಕುವ ರೀತಿ ಹೆಚ್ಚೂಕಡಿಮೆ ಇದೇ. ಇನ್ನೊಂದು ಮಾತು, ಖರ್ಚು ಉಳಿಸೋಕೆ ಮನೆಯ ಮೂಲೆಯ ಜಿರಳೆ ಹಿಡಿದು ಹಾಕೋ ಐಡಿಯಾ ಯಾರಿಗಾದ್ರೂ ಬಂದರೆ ಅಲ್ಲಿಗೇ ಬಿಡಿ. ಅದು ಯಾವ ಔಷಧಿ ನೆಕ್ಕಿ ಬಂದಿದೆಯೋ, ಹೊಟ್ಟೆಯಲ್ಲಿ ಯಾವ ಹುಳ ಇದೆಯೋ ಯಾರಿಗೆ ಗೊತ್ತು.

ಎಲೆತಿನ್ನಿ:
ಊಟದ ಬಗ್ಗೆ ಯಾರೂ ಹೇಳಲಿಲ್ಲ. ಒಣ ತಿಂಡಿ ಒಂದು ಬಟ್ಟಲಲ್ಲಿ ಯಾವಾಗಲೂ ಇರಲಿ, ಓಟ್ಸ್, ಗೋಧಿ ತೌಡು, ಕೋಳಿ ಮರಿಯ ಆಹಾರ ಎಲ್ಲ ಸೇರಿಸಿ ಪುಡಿ ಮಾಡಿದ್ದು. ಹಸಿ ತಿಂಡಿ ಎರಡು ದಿನಕ್ಕೊಮ್ಮೆ, ಕ್ಯಾರೆಟ್, ಸಿಹಿಗೆಣಸು, ಕುಂಬಳ, ಯಾವುದಾದರೂ ಸೊಪ್ಪು. ಪಾಲಕ್ ದಿನಾ ಬೇಡ, ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಿತ್ತಳೆ ಹಾಕಿದರೆ ಮರಿ ಜಾಸ್ತಿ ಅಂತ ಎಲ್ಲ ಕಡೆ ಬರೆಯುತ್ತಾರೆ. ಅವಕ್ಕೆ ಕಿತ್ತಳೆ ಅಂದ್ರೆ ಪ್ರಾಣ ಅನ್ನೋದು ನಿಜ, ಮರಿ ವಿಷಯ ನನಗೆ ಅಷ್ಟು ನಂಬಿಕೆ ಇಲ್ಲ. ಸಿಪ್ಪೆಯಲ್ಲಿ ಔಷಧಿ ಇರಬಹುದು ಅಂತ ಎಲ್ಲವನ್ನೂ ಚೆನ್ನಾಗಿ ತೊಳೆದೇ ಹಾಕಿ, ಕೀಟನಾಶಕ ಜಿರಳೆಯನ್ನೂ ಬಿಡಲ್ಲವಲ್ಲ.

ನೀರನ್ನು ಬಟ್ಟಲಲ್ಲಿ ಇಡಬೇಡಿ, ಸಣ್ಣ ಮರಿ ಮುಳುಗುತ್ತವೆ. ನೀರು ಹೀರಿ ಜೆಲ್ಲಿಯಂತೆ ಉಬ್ಬುವ ಹರಳು ಸಿಗುತ್ತದೆ, ಅದು ಒಳ್ಳೇದು.

ಮೂಳೆಪುಡಿ:
ನಾಯಿ ಬಿಸ್ಕತ್ತು, ಬೆಕ್ಕಿನ ಊಟ ಪುಡಿ ಮಾಡಿ ಹಾಕಿದರೆ ಎಷ್ಟು ಬೇಗ ಬೆಳೆಯುತ್ತವೆ ಗೊತ್ತಾ? ಯಾಕೆ ಎಲ್ಲರೂ ಬೇಡ ಅಂತಾರೆ ಅಂತ ಅರ್ಥ ಆಗಿಲ್ಲ.

ಎಲೆತಿನ್ನಿ:
ಬೆಳೆಯುತ್ತವೆ, ಸರಿ. ಆದರೆ ಜಿರಳೆ ಬೇರೆ ಕೀಟಗಳ ಹಾಗಲ್ಲ. ಜಾಸ್ತಿಯಾದ ಪ್ರೋಟೀನಿನ ಸಾರಜನಕವನ್ನು ಹೊರಗೆ ಹಾಕದೆ ಯೂರಿಕ್ ಆಮ್ಲ ಮಾಡಿ ಮೈಯೊಳಗಿನ ಕೊಬ್ಬಿನಲ್ಲಿ ಕೂಡಿಡುತ್ತದೆ. ಅದರೊಳಗೆ ವಾಸ ಮಾಡುವ ಬ್ಲಾಟಬ್ಯಾಕ್ಟೀರಿಯಂ ಅನ್ನೋ ಬ್ಯಾಕ್ಟೀರಿಯಾ ಆ ಸಾರಜನಕವನ್ನು ಮತ್ತೆ ಬಳಸುವ ಹಾಗೆ ಮಾಡಿಕೊಡುತ್ತದೆ, ಬರಗಾಲದಲ್ಲಿ ಜಿರಳೆ ಬದುಕೋದು ಹಾಗೆ. ಅಂದ್ರೆ ಮಾಂಸದ ಊಟ ಹಾಕಿದಷ್ಟೂ ಯೂರಿಕ್ ಆಮ್ಲದ ಗಂಟು ಹೊತ್ತ ಜಿರಳೆ ನಿಮ್ಮ ಗೆಕ್ಕೊ ಹೊಟ್ಟೆ ಸೇರುತ್ತದೆ. ಇದರಿಂದಲೇ ಗೆಕ್ಕೊಗೆ ಗೌಟ್ (ಯೂರಿಕ್ ಆಮ್ಲ ಕೀಲುಗಳಲ್ಲಿ ಕೂತು ಬರುವ ಬಾವು) ಬರುತ್ತದೆ ಅಂತ ನಾನು ಆಣೆ ಮಾಡಿ ಹೇಳಲ್ಲ, ಆದರೆ ಸುಮ್ನೆ ಯಾಕೆ ಬೇಕು? ಒಣ ತಿಂಡಿಯಲ್ಲಿ ಪ್ರೋಟೀನ್ 20 ಶೇಕಡ ಆಸುಪಾಸು ಇದ್ದರೆ ಮರಿಯೂ ಆಗುತ್ತದೆ, ಬೆಳವಣಿಗೆಯೂ ಇರುತ್ತದೆ.

ಮೂಳೆಪುಡಿ:
ಹೂಂ, ಈ ಯೂರಿಕ್ ಆಮ್ಲದ ವಿಷಯ ಯಾರೂ ಬಿಡಿಸಿ ಹೇಳಿರಲಿಲ್ಲ. ಥ್ಯಾಂಕ್ಸ್.

ಸೀನುಬುರುಕ:
ಆಸ್ತಮಾ ಇರುವವರು ಮನೆಯಲ್ಲಿದ್ದರೆ ಎರಡು ಸಲ ಯೋಚಿಸಿ. ಜಿರಳೆ ಹಿಕ್ಕೆ, ಕಳಚಿದ ಪೊರೆ ಎರಡೂ ಒಣಗಿ ಧೂಳಾಗುತ್ತವೆ. ಡಬ್ಬ ಅಲ್ಲಾಡಿಸಿದಾಗ ಏಳೋದು ಅದೇ. ಧೂಳಿನ ನುಸಿಗೆ, ಸಿಗಡಿಗೆ ಅಲರ್ಜಿ ಇದ್ದವರಿಗೆ ಜಿರಳೆಯೂ ತಂಟೆ ಮಾಡಬಹುದು, ಮೂರರಲ್ಲೂ ಟ್ರೋಪೊಮಯೋಸಿನ್ ಅನ್ನೋ ಹೆಚ್ಚೂಕಡಿಮೆ ಒಂದೇ ಥರದ ಪ್ರೋಟೀನ್ ಇದೆ. ನಾನು ಸಿಗಡಿ ಮುಟ್ಟಲ್ಲ, ಡಬ್ಬ ತೆಗೆಯುವಾಗ ಮಾಸ್ಕ್ ಮತ್ತು ಗ್ಲೌಸ್ ಇಲ್ಲದೆ ಕೂರಲ್ಲ. ಸ್ವಚ್ಛ ಮಾಡೋದು ಮನೆಯ ಹೊರಗೆ. ಮಲಗುವ ಕೋಣೆಯಲ್ಲಿ ಡಬ್ಬ ಇಡೋದಂತೂ ಬೇಡವೇ ಬೇಡ. ಒಂದು ವಿಷಯ ನೆನಪಿಡಿ, ಈ ಅಲರ್ಜಿ ಮೊದಲ ದಿನವೇ ಇರಬೇಕು ಅಂತಿಲ್ಲ, ವರ್ಷಗಟ್ಟಲೆ ಮುಟ್ಟಿ ಮುಟ್ಟಿ ಆಮೇಲೂ ಶುರುವಾಗಬಹುದು.

ಚುಕ್ಕೆಬಾಲ:
ಎಲ್ಲರಿಗೂ ಥ್ಯಾಂಕ್ಸ್. ಡಬ್ಬ ರೆಡಿ ಮಾಡಿ ಜಿರಳೆ ತಂದು ಬಿಟ್ಟಿದ್ದೂ ಆಯ್ತು. ಈಗ ಎರಡು ಗಾಬರಿ. ಒಂದು, ಟ್ರೇ ಮಧ್ಯೆ ಪೂರ್ತಿ ಬಿಳಿ ಜಿರಳೆ ಕಂಡಿತು, ಬೆಣ್ಣೆ ಬಣ್ಣ, ಕಣ್ಣು ಮಾತ್ರ ಕಪ್ಪು. ರೋಗವಾ? ಎರಡನೇದು, ತಳದಲ್ಲಿ ಹಳದಿ ಬಣ್ಣದ, ಗೆರೆ ಗೆರೆ ಇರುವ ಉದ್ದನೆಯ ಚೀಲದಂಥದ್ದು ಬಿದ್ದಿದೆ. ಮರಿ ಇನ್ನೂ ಒಂದೂ ಕಂಡಿಲ್ಲ.

ರಾತ್ರಿಹಲ್ಲಿ:
ಬಿಳಿಯದ್ದು ಈಗತಾನೆ ಪೊರೆ ಬಿಟ್ಟಿರೋದು. ಮುಟ್ಟಬೇಡಿ. ಕೆಲವೇ ಗಂಟೆಗಳಲ್ಲಿ ಮೊದಲು ಜೇನಿನ ಬಣ್ಣ, ಆಮೇಲೆ ಕಂದು, ಗಟ್ಟಿ. ನೋಡುತ್ತಾ ಕೂತರೆ ಚೆನ್ನಾಗಿರುತ್ತದೆ, ಪೊರೆಯಿಂದ ಕಾಲುಗಳನ್ನು ಒಂದೊಂದಾಗಿ ಎಳೆದುಕೊಂಡು, ಆಮೇಲೆ ಎಷ್ಟೋ ಸಲ ಆ ಪೊರೆಯನ್ನೇ ತಿನ್ನುತ್ತದೆ. ಪೊರೆ ಅರ್ಧಕ್ಕೆ ಸಿಕ್ಕಿಕೊಂಡು ಸಾಯುವವು ಜಾಸ್ತಿ ಕಂಡರೆ ಮಾತ್ರ ಡಬ್ಬ ತುಂಬ ಒಣಗಿದೆ ಅಂತ ಅರ್ಥ. ತೇವ 50-60 ಶೇಕಡ ಇರಲಿ.

ಆ ಹಳದಿ ಚೀಲ ಮೊಟ್ಟೆಚೀಲವೇ. ಹೆಣ್ಣು ಒಳಗೆಳೆದುಕೊಳ್ಳದೆ ಬೀಳಿಸಿದೆ, ಅದರಿಂದ ಮರಿ ಬರಲ್ಲ. ಹೊಸ ಜಾಗ, ಪ್ರಯಾಣದ ಕುಲುಕಾಟ, ಒಣ ಗಾಳಿ, ಯಾವುದಕ್ಕಾದರೂ ಹಾಗೆ ಮಾಡುತ್ತದೆ. ತಂದ ಹೊಸದರಲ್ಲಿ ಒಂದೆರಡು ಬಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಈಗ ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ದಿನಕ್ಕೆ ಎಷ್ಟು ಸಲ ಮುಚ್ಚಳ ತೆಗೆದು ಟ್ರೇ ಎತ್ತಿ ನೋಡುತ್ತಿದ್ದೀರಿ?

ಚುಕ್ಕೆಬಾಲ:
... ಲೆಕ್ಕ ಇಟ್ಟಿಲ್ಲ 🙈

ರಾತ್ರಿಹಲ್ಲಿ:
ಅದೇ. ಊಟ ಹಾಕೋಕೆ ಮೂಲೆಯಲ್ಲಿ ಒಂದು ಜಾಗ ಖಾಲಿ ಬಿಡಿ, ಟ್ರೇ ಮುಟ್ಟದೆ ಅಲ್ಲಿ ಹಾಕಿ ಮುಚ್ಚಿ. ಅಷ್ಟೇ. ಮರಿ ಹುಟ್ಟಿದ್ದು ಹುಡುಕದೆಯೂ ಗೊತ್ತಾಗುತ್ತದೆ, ಕ್ಯಾರೆಟ್ ತುಂಡು ಎತ್ತಿದರೆ ಕೆಳಗೆ ಅಕ್ಕಿಕಾಳಿಗಿಂತ ಸಣ್ಣವು ಚದುರಿ ಓಡುತ್ತವೆ.

ಹಿಕ್ಕೆಜರಡಿ:
ಸ್ವಚ್ಛತೆ ಬಗ್ಗೆಯೂ ಅದೇ ಮಾತು, ಹೊಸಬರು ವಾರ ವಾರ ತೊಳೆಯುತ್ತಾರೆ. ಬೇಡ. ಒಣ ಹಿಕ್ಕೆಗೆ ವಾಸನೆ ಅಷ್ಟಾಗಿ ಇಲ್ಲ, ಕಾಫಿ ಪುಡಿ ಥರ ಉದುರುದುರಾಗಿರುತ್ತದೆ. ಜೊತೆಗೆ ಹೊಸ ಮರಿಗಳು ದೊಡ್ಡವುಗಳ ಹಿಕ್ಕೆ ತಿನ್ನುತ್ತವೆ, ಹೊಟ್ಟೆಗೆ ಬೇಕಾದ ಬ್ಯಾಕ್ಟೀರಿಯಾ ಸಿಗೋದು ಹಾಗೆ. ಎರಡು ಮೂರು ತಿಂಗಳಿಗೊಮ್ಮೆ ಜರಡಿ ಹಿಡಿದು ಮುಕ್ಕಾಲು ಭಾಗ ತೆಗೆಯಿರಿ, ಸ್ವಲ್ಪ ಬಿಡಿ.

ನಾತ ಬಂದರೆ ಅದು ಜಿರಳೆಯದ್ದಲ್ಲ, ಕೊಳೆತ ತರಕಾರಿಯದ್ದು ಅಥವಾ ಸತ್ತವುಗಳದ್ದು. ಹಸಿ ತಿಂಡಿ ಮರುದಿನ ಉಳಿದಿದ್ದರೆ ತೆಗೆದುಬಿಡಿ. ಒಣ ತಿಂಡಿ ಮೇಲೆ ಬೂದಿ ಬಣ್ಣದ ಧೂಳು ಕಂಡು, ಹತ್ತಿರದಿಂದ ನೋಡಿದರೆ ಆ ಧೂಳು ನಡೆದಾಡುತ್ತಿದ್ದರೆ ಅದು ನುಸಿ. ತೇವ ಜಾಸ್ತಿ ಆಗಿದೆ ಅಂತ ಅರ್ಥ. ಆ ತಿಂಡಿ ಬಿಸಾಕಿ, ಬಟ್ಟಲು ಒಣಗಿಸಿ, ಗಾಳಿ ಜಾಸ್ತಿ ಆಡಲಿ. ಒಣ ತಿಂಡಿಯನ್ನು ಮೊದಲೇ ಕೆಲವು ದಿನ ಫ್ರೀಜರಿನಲ್ಲಿಟ್ಟು ತೆಗೆದರೆ ಅದರೊಳಗಿನ ನುಸಿ ಹೋಗುತ್ತದೆ.

ಕರಿಹುಳ:
ಡರ್ಮೆಸ್ಟಿಡ್ ಹುಳ ಬಿಡಿ, ಸತ್ತಿದ್ದೆಲ್ಲ ತಿಂದು ಮುಗಿಸುತ್ತವೆ.

ಹಿಕ್ಕೆಜರಡಿ:
ದೊಡ್ಡ ಡಬ್ಬಕ್ಕೆ ಸರಿ. ಐವತ್ತು ಜಿರಳೆಗೆ ಯಾಕೆ? ಆ ಹುಳ ತಪ್ಪಿಸಿಕೊಂಡು ಉಣ್ಣೆ ಬಟ್ಟೆ ಹೊಕ್ಕರೆ ಅದು ಬೇರೆ ಕಥೆ. ಸತ್ತವನ್ನು ಇಕ್ಕಳದಲ್ಲಿ ಎತ್ತಿ ಹಾಕೋಕೆ ಒಂದು ನಿಮಿಷ ಸಾಕು.

ಚುಕ್ಕೆಬಾಲ:
ಕೆಲವು ತಿಂಗಳ ನಂತರ ಬರೆಯುತ್ತಿದ್ದೇನೆ. ಮರಿಗಳಾಗಿವೆ! ಟ್ರೇ ಕೆಳಗೆ ಬೂದು ಬಣ್ಣದ ಚುಕ್ಕೆಗಳ ಜಾತ್ರೆ. ಈಗ ತಿನ್ನಿಸೋದು ಹೇಗೆ? ಸಣ್ಣ ಗೆಕ್ಕೊ ಒಂದನ್ನು ಹಿಡಿದು ಉಗಿದುಬಿಟ್ಟಿತು.

ಓಡುಕಾಲು:
ದೊಡ್ಡದು ಕೊಟ್ಟಿರುತ್ತೀರಿ. ಗೆಕ್ಕೊ ಎರಡು ಕಣ್ಣಿನ ನಡುವೆ ಎಷ್ಟು ಅಗಲ ಇದೆಯೋ ಜಿರಳೆ ಅದಕ್ಕಿಂತ ಅಗಲ ಇರಬಾರದು. 4 ಸೆಂಟಿಮೀಟರ್ ಉದ್ದದ ದೊಡ್ಡ ಡುಬಿಯಾ ಲೆಪರ್ಡ್ ಗೆಕ್ಕೊಗೆ ಅಷ್ಟು ಸುಲಭದ ತುತ್ತಲ್ಲ, ಕಾಲಲ್ಲಿ ಮುಳ್ಳು ಬೇರೆ. ಮಧ್ಯಮ ಗಾತ್ರದವೇ ಸರಿ. ಅಂಚು ನುಣುಪಾದ ಬಟ್ಟಲಲ್ಲಿ ಹಾಕಿ, ನೆಲಕ್ಕೆ ಬಿಟ್ಟರೆ ಅವಿತುಕೊಂಡು ಮತ್ತೆ ಸಿಗಲ್ಲ. ಅಲ್ಲಾಡದೆ ಬಿದ್ದಿದ್ದರೆ ಬೆನ್ನ ಮೇಲೆ ಮಲಗಿಸಿ, ಕಾಲು ಆಡಿಸುತ್ತದೆ, ಗೆಕ್ಕೊ ಕಣ್ಣಿಗೆ ಬೀಳುತ್ತದೆ. ಉಳಿದದ್ದನ್ನು ಬೆಳಿಗ್ಗೆ ವಾಪಸ್ ತೆಗೆಯಿರಿ.

ಎಲೆತಿನ್ನಿ:
ತಿನ್ನಿಸುವ ಒಂದೆರಡು ದಿನ ಮೊದಲು ಬೇಕಾದಷ್ಟನ್ನು ಬೇರೆ ಸಣ್ಣ ಡಬ್ಬಕ್ಕೆ ತೆಗೆದು ಸೊಪ್ಪು, ಕ್ಯಾರೆಟ್ ಚೆನ್ನಾಗಿ ತಿನ್ನಿಸಿ, ಗಟ್ ಲೋಡ್ ಅಂದ್ರೆ ಇದೇ. ಹಾಕುವ ಹೊತ್ತಿಗೆ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ. ಜಿರಳೆಯಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ. ಪುಡಿ ಇಲ್ಲದೆ ತಿಂಗಳುಗಟ್ಟಲೆ ತಿನ್ನಿಸಿದರೆ ಮರಿ ಗೆಕ್ಕೊ ಮೂಳೆ ಮೆತ್ತಗಾಗಿ ಕಾಲು ಬಾಗುತ್ತದೆ. ವಿಟಮಿನ್ ಡಿ3 ಇರುವ ಪುಡಿ ದಿನಾ ಬೇಡ, ಡಬ್ಬಿಯ ಮೇಲೆ ಬರೆದಷ್ಟೇ. ಯುವಿ ದೀಪ ಇದ್ದರೆ ಇನ್ನೂ ಕಡಿಮೆ.

ಬಾಲವಿಲ್ಲದವ:
ಕ್ರೆಸ್ಟೆಡ್ ಗೆಕ್ಕೊ ಇರುವವರಿಗೂ ಇದೇ ಲೆಕ್ಕನಾ?

ರಾತ್ರಿಹಲ್ಲಿ:
ಇಲ್ಲ. ಅದಕ್ಕೆ ಹಣ್ಣಿನ ಪುಡಿಯ ಊಟವೇ ಮುಖ್ಯ, ಜಿರಳೆ ವಾರಕ್ಕೆ ಒಂದೆರಡು ಸಲ ಸಾಕು. ಒಂದೇ ಕ್ರೆಸ್ಟೆಡ್ ಇದ್ದರೆ ಸಾಕಣೆ ಯಾಕೆ, ಅಷ್ಟಷ್ಟೇ ಕೊಂಡುಕೊಳ್ಳಿ. ಇಲ್ಲಾಂದ್ರೆ ವರ್ಷದೊಳಗೆ ಜಿರಳೆ ಹಂಚೋಕೆ ಜನ ಹುಡುಕಬೇಕಾಗುತ್ತದೆ.

ಚುಕ್ಕೆಬಾಲ:
ಕೊನೇ ಪ್ರಶ್ನೆ. ಒಂದು ವಾರ ಊರಲ್ಲಿರಲ್ಲ, ಗೆಕ್ಕೊ ನೋಡಿಕೊಳ್ಳೋಕೆ ಜನ ಇದ್ದಾರೆ, ಆದರೆ ಜಿರಳೆ ಡಬ್ಬ ಮುಟ್ಟಲ್ಲ ಅಂದಿದ್ದಾರೆ. ಜರಡಿ ಹಿಡಿದ ಹಿಕ್ಕೆಯನ್ನು ಗಿಡಕ್ಕೂ ಕೇಳುತ್ತಿದ್ದಾರೆ, ಕೊಡಬಹುದಾ?

ಹಿಕ್ಕೆಜರಡಿ:
ವಾರ ಏನೂ ಆಗಲ್ಲ. ಒಣ ತಿಂಡಿ ತುಂಬಿಸಿ, ನೀರಿನ ಹರಳು ಜಾಸ್ತಿ ಹಾಕಿ, ಎರಡು ಇಡೀ ಕ್ಯಾರೆಟ್ ಇಟ್ಟು ಹೋಗಿ. ಸೊಪ್ಪು, ಹಣ್ಣು ಬೇಡ, ಬೂಷ್ಟು ಹಿಡಿಯುತ್ತದೆ. ಹೊರಡುವ ಮುಂಚೆ ಥರ್ಮೋಸ್ಟಾಟ್ ಕಡ್ಡಿ ಜಾರಿಲ್ಲ ತಾನೇ ಅಂತ ನೋಡಿ. ಹಿಕ್ಕೆ ಗಿಡಕ್ಕೆ ಒಳ್ಳೇ ಗೊಬ್ಬರ, ಕೊಡಿ, ಆದರೆ ಸಣ್ಣ ಕಣ್ಣಿನ ಜರಡಿ ಹಿಡಿದರೂ ಒಂದೆರಡು ಮರಿ ಅದರೊಳಗೆ ಉಳಿದೇ ಇರುತ್ತವೆ. ಚೀಲಕ್ಕೆ ತುಂಬಿ ಎರಡು ದಿನ ಫ್ರೀಜರಿನಲ್ಲಿಟ್ಟು ಆಮೇಲೆ ಕೊಡಿ. ಫ್ರೀಜರಿನಲ್ಲಿ ಏನಿದೆ ಅಂತ ಮನೆಯವರಿಗೆ ಮೊದಲೇ ಹೇಳಿರಿ.